ಮಾತ್ರೆ ಕೊಡುವ ಮೊದಲು ಒಂದು ಮಾತು

ಮುಂಬಯಿ: ಬೇಸಿಗೆ ರಜೆ ಮುಗಿಸಿ ಊರಿನಿಂದ ಮಹಾನಗರಕ್ಕೆ ಮರಳುವ ಕುಟುಂಬಗಳೊಂದಿಗೆ ಅಜ್ಜನೋ ಅಜ್ಜಿಯೋ ನಾಲ್ಕು ತಿಂಗಳು ಮಗನ ಮನೆಯಲ್ಲಿರಲು ಬರುವುದುಂಟು. ಅವರ ಸಾಮಾನಿನಲ್ಲಿ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿಯ ಜೊತೆಗೆ ಒಂದು ಪ್ಲಾಸ್ಟಿಕ್ ತೊಟ್ಟೆಯೂ ಇರುತ್ತದೆ. ಅದರಲ್ಲಿ ಊರಿನ ಡಾಕ್ಟರರು ಬರೆದುಕೊಟ್ಟ ಬಿಪಿ, ಶುಗರ್, ಮಂಡಿನೋವಿನ ಮಾತ್ರೆಗಳು. ಇಲ್ಲಿಗೆ ಬಂದ ಮೇಲೆ ಹವೆ ಒಗ್ಗದೆ ತಲೆ ತಿರುಗಿತೆಂದು ಬಿಲ್ಡಿಂಗಿನ ಪಕ್ಕದ ಡಾಕ್ಟರರಿಗೆ ತೋರಿಸುತ್ತಾರೆ. ಅವರೂ ಪರೀಕ್ಷಿಸಿ ಚೀಟಿ ಬರೆಯುತ್ತಾರೆ. ಕೆಳಗಿನ ಮೆಡಿಕಲ್‌ನಿಂದ ಮಾತ್ರೆ ಬರುತ್ತದೆ. ಈಗ ಮನೆಯಲ್ಲಿ ಎರಡು ತೊಟ್ಟೆಗಳಾದವು.

ಅಪಾಯ ಆರಂಭವಾಗುವುದು ಇಲ್ಲಿಂದ. ಊರಿನ ತೊಟ್ಟೆಯಲ್ಲಿರುವ ಶುಗರ್ ಮಾತ್ರೆಯೂ, ಇಲ್ಲಿ ತಂದ ಶುಗರ್ ಮಾತ್ರೆಯೂ ಒಂದೇ ಗ್ಲಿಮೆಪಿರೈಡ್ ಆಗಿರಬಹುದು. ಕಂಪೆನಿ ಬೇರೆ, ಹೆಸರು ಬೇರೆ, ಸ್ಟ್ರಿಪ್ಪಿನ ಬಣ್ಣ ಬೇರೆ, ಒಳಗಿನ ಔಷಧ ಮಾತ್ರ ಒಂದೇ. ಅಜ್ಜಿ ಎರಡನ್ನೂ ನಂಬಿಕೆಯಿಂದ ನುಂಗುತ್ತಾರೆ. ರಾತ್ರಿ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲಿದಾಗ ಮನೆಯವರು ಪಾರ್ಶ್ವವಾಯು ಎಂದು ಗಾಬರಿಯಾಗುತ್ತಾರೆ. ಆಗಿರುವುದು ರಕ್ತದಲ್ಲಿ ಸಕ್ಕರೆ ಅಂಶದ ಕುಸಿತ. ವೃದ್ಧರಲ್ಲಿ ಇದು ಜೀವಕ್ಕೇ ಮುಳುವಾಗಬಲ್ಲದು.

ಇದರಲ್ಲಿ ತಪ್ಪು ಯಾರದು? ಊರಿನ ಡಾಕ್ಟರರು ಬರೆದದ್ದು ಸರಿ, ಇಲ್ಲಿನ ಡಾಕ್ಟರರು ಬರೆದದ್ದೂ ಸರಿ. ಮಾತ್ರೆಯೂ ನಕಲಿಯಲ್ಲ. ಆದರೆ ಎರಡು ಚೀಟಿಗಳನ್ನು ಒಟ್ಟಿಗೆ ನೋಡಿದವರು ಯಾರೂ ಇಲ್ಲ. ಹಾಗೆ ನೋಡಬಹುದಾಗಿದ್ದ ಕೊನೆಯ ವ್ಯಕ್ತಿ ಔಷಧ ಅಂಗಡಿಯ ಕೌಂಟರಿನ ಹಿಂದೆ ನಿಂತವರು. ಆ ಕೌಂಟರಿನ ಹಿಂದೆ ಇಂದು ತರಬೇತಿಗಾಗಿ ನಿಲ್ಲುವ ಯುವಕ–ಯುವತಿಯರಲ್ಲಿ ನಮ್ಮ ಕನ್ನಡಿಗರ ಮನೆಯ ಮಕ್ಕಳೂ ಇದ್ದಾರೆ. ಅವರು ಏನು ಕಲಿಯಬೇಕು, ಸಂಘ–ಸಂಸ್ಥೆಗಳ ಸದಸ್ಯರಾದ ಹಿರಿಯರು ಅವರಿಂದ ಏನನ್ನು ಅಪೇಕ್ಷಿಸಬೇಕು ಎಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ಕಂಪೌಂಡರ್‌ನಿಂದ ಫಾರ್ಮಸಿಸ್ಟ್‌ವರೆಗೆ

ಹಿಂದೆ ಡಾಕ್ಟರರ ದವಾಖಾನೆಯಲ್ಲೇ ಕಂಪೌಂಡರ್ ಇರುತ್ತಿದ್ದರು. ಬಾಟಲಿಗೆ ಕೆಂಪು ಮಿಕ್ಸ್ಚರ್ ಸುರಿದು, ಕಾಗದ ಕತ್ತರಿಸಿ ಅಂಟಿಸಿ ಡೋಸಿನ ಗುರುತು ಹಾಕಿ ಕೊಡುತ್ತಿದ್ದ ಆ ದೃಶ್ಯ ಹಿರಿಯರಿಗೆ ನೆನಪಿರಬಹುದು. 1948ರ ಫಾರ್ಮಸಿ ಕಾಯ್ದೆ ಈ ವೃತ್ತಿಗೆ ಕಟ್ಟುಪಾಡು ತಂದಿತು. ಡಾಕ್ಟರರ ಚೀಟಿಗೆ ಔಷಧ ಕೊಡುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕೆಂಬ ನಿಯಮ ಅದರಿಂದ ಬಂತು.

ಇಂದು ಡಿ.ಫಾರ್ಮ್ ಎಂದರೆ ಎರಡು ವರ್ಷದ ಓದು. ಅದರ ಮೇಲೆ ಕಡಿಮೆಯೆಂದರೆ ಮೂರು ತಿಂಗಳ ಅವಧಿಯಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಆ 500ರಲ್ಲಿ 250 ಗಂಟೆಯಾದರೂ ಡಾಕ್ಟರರ ಚೀಟಿ ನೋಡಿ ಔಷಧ ಕೊಡುವ ಕೆಲಸದಲ್ಲೇ ಕಳೆಯಬೇಕು. 2008ರಲ್ಲಿ ಆರಂಭವಾದ ಆರು ವರ್ಷದ ಫಾರ್ಮ್.ಡಿ. ಪದವಿಯಲ್ಲಿ ವಿದ್ಯಾರ್ಥಿಗಳು ಆಸ್ಪತ್ರೆಯ ವಾರ್ಡಿನಲ್ಲೇ ಕಲಿಯುತ್ತಾರೆ. ಫಾರ್ಮಸಿಸ್ಟ್ ಎಂದರೆ ರೋಗಿಯ ಬಳಿಗೂ ಹೋಗಬೇಕೆಂಬ ಈ ವಿಚಾರ ದೇಶದಲ್ಲಿ ಬೇರೂರುವುದಕ್ಕೆ ಕರ್ನಾಟಕದ ಕೊಡುಗೆಯೂ ಇದೆ. ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳು 1990ರ ದಶಕದ ಉತ್ತರಾರ್ಧದಲ್ಲೇ ಫಾರ್ಮಸಿ ಪ್ರಾಕ್ಟೀಸ್ ಎಂಬ ಸ್ನಾತಕೋತ್ತರ ಶಿಕ್ಷಣ ಆರಂಭಿಸಿ ಈ ದಾರಿಯಲ್ಲಿ ಮುಂದೆ ನಡೆದವು.

ಆದರೆ 500 ಗಂಟೆ ಅಂಗಡಿಯಲ್ಲಿ ನಿಂತ ಮಾತ್ರಕ್ಕೆ ಕಲಿತಂತಾಗಲಿಲ್ಲ. ಕಪಾಟಿನಲ್ಲಿ ಯಾವ ಡಬ್ಬಿ ಎಲ್ಲಿದೆ ಎಂಬುದು ಒಂದು ವಾರದಲ್ಲಿ ಬಾಯಿಪಾಠವಾಗುತ್ತದೆ. ಆ ಡಬ್ಬಿ ಯಾರಿಗೆ ಸಲ್ಲದು ಎಂಬುದನ್ನು ತಿಳಿಯುವುದೇ ನಿಜವಾದ ತರಬೇತಿ.

ಹೆಸರಿನ ಮೋಸ

ಕಲಿಯುವವರಿಗೆ ಮೊದಲ ಪಾಠವೆಂದರೆ ಬ್ರಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನು ಓದುವ ಅಭ್ಯಾಸ. ಒಂದೇ ಔಷಧಕ್ಕೆ ನಮ್ಮ ದೇಶದಲ್ಲಿ ಹತ್ತಾರು ಬ್ರಾಂಡುಗಳಿವೆ. ಜ್ವರಕ್ಕೆಂದು ಪ್ಯಾರಾಸಿಟಮಾಲ್ 650 ಕೊಂಡವರು ನೆಗಡಿಗೆಂದು ಇನ್ನೊಂದು ಮಾತ್ರೆ ಕೇಳುತ್ತಾರೆ. ಆ ನೆಗಡಿ ಮಾತ್ರೆಯಲ್ಲೂ, ಮೈಕೈನೋವಿನ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಸೇರಿರುವುದು ಸಾಮಾನ್ಯ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಯಕೃತ್ತಿನ ತೊಂದರೆ ಇರುವವರಿಗೆ, ನಿತ್ಯ ಮದ್ಯ ಸೇವಿಸುವವರಿಗೆ ಮಿತಿ ಅದಕ್ಕಿಂತಲೂ ಕಡಿಮೆ.

ಎರಡನೆಯದು ಇದಕ್ಕೆ ತಿರುಗುಮುರುಗಾದ ಮೋಸ. ಔಷಧ ಬೇರೆ, ಹೆಸರು ಮಾತ್ರ ಹತ್ತಿರ. ಶುಗರ್‌ನ ಮೆಟ್‌ಫಾರ್ಮಿನ್ ಮತ್ತು ಸೋಂಕಿನ ಮೆಟ್ರೋನಿಡಜೋಲ್, ಬಿಪಿಯ ಹೈಡ್ರಾಲಜೀನ್ ಮತ್ತು ತುರಿಕೆಯ ಹೈಡ್ರಾಕ್ಸಿಜೀನ್, ಕ್ಲೋಬಜಾಮ್ ಮತ್ತು ಕ್ಲೋನಜೆಪಾಮ್ ಇವೆಲ್ಲ ಅವಸರದ ಕಣ್ಣಿಗೆ ಅವಳಿ–ಜವಳಿಗಳಂತೆ ಕಾಣುತ್ತವೆ. ಇಂತಹ ಜೋಡಿಗಳ ಹೆಸರಿನಲ್ಲಿ ಭಿನ್ನವಾಗಿರುವ ಭಾಗವನ್ನು ಮಾತ್ರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯುವ ಪದ್ಧತಿ ಹಲವು ಆಸ್ಪತ್ರೆಗಳಲ್ಲಿದೆ. ಸಣ್ಣ ಅಂಗಡಿಯಲ್ಲಿ ಅಷ್ಟು ಸಾಧ್ಯವಾಗದಿದ್ದರೂ ಅಂತಹ ಜೋಡಿಗಳನ್ನು ಅಕ್ಕಪಕ್ಕ ಇಡದೆ ಬೇರೆ ಬೇರೆ ಕಪಾಟಿನಲ್ಲಿಡುವುದು ಖರ್ಚಿಲ್ಲದ ಉಪಾಯ.

ಇನ್ನು ಚೀಟಿಯ ಅಕ್ಷರ. ಡಾಕ್ಟರರು ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತ್ತು. ಆದರೂ ಕೈಬರಹದ ಚೀಟಿಯಲ್ಲಿ ಒಂದು ಚುಕ್ಕಿ ಕಾಣದೆ 1.0 ಎಂಬುದು 10 ಆಗುವ, 0 ಹಾಕದೆ ಬರೆದ .5 ಎಂಬುದು 5 ಆಗುವ ಸಂಭವ ಇದ್ದೇ ಇದೆ. ಯುನಿಟ್ ಎಂಬುದಕ್ಕೆ ಇಂಗ್ಲಿಷಿನ ಯು ಅಕ್ಷರವೊಂದನ್ನೇ ಬರೆದರೆ ಅದು ಸೊನ್ನೆಯಂತೆ ಕಂಡು 10 ಯುನಿಟ್ 100 ಆದೀತು. ಬ್ಯಾಂಕಿನಲ್ಲಿ ಅಂಕಿ ಅನುಮಾನವಾದರೆ ಅಕ್ಷರದಲ್ಲಿ ಬರೆದ ಮೊತ್ತ ನೋಡುತ್ತಾರೆ. ಚೀಟಿಯಲ್ಲಿ ಆ ಸೌಕರ್ಯವಿಲ್ಲ. ಇಲ್ಲಿ ಇರುವುದು ಒಂದೇ ದಾರಿ. ಡಾಕ್ಟರರಿಗೆ ಫೋನ್ ಮಾಡಿ ಕೇಳುವುದು. ಊಹೆ ಮಾಡಿ ಕೊಡುವುದು ಸರ್ವಥಾ ಸಲ್ಲದು.

ವಾರಕ್ಕೊಂದು ಎಂಬ ಮಾತ್ರೆ

ತರಬೇತಿಯಲ್ಲಿರುವವರು ಎಂದಿಗೂ ಮರೆಯಬಾರದ ಮಾತ್ರೆಯೊಂದಿದೆ. ಅದರ ಹೆಸರು ಮೆಥೋಟ್ರೆಕ್ಸೇಟ್. ಸಂಧಿವಾತಕ್ಕೆ, ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಇದನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ. ದಿನಾ ನುಂಗಿದರೆ ಎಲುಬಿನ ಮಜ್ಜೆ ಸೊರಗಿ ರಕ್ತಕಣಗಳು ಕುಸಿಯುತ್ತವೆ. ಬಾಯಿಯಲ್ಲಿ ಹುಣ್ಣೇಳುವುದು ಮೊದಲ ಎಚ್ಚರಿಕೆ. ಇದನ್ನು ದಿನಾ ತೆಗೆದುಕೊಂಡು ಪ್ರಾಣ ಕಳೆದುಕೊಂಡವರ ಪ್ರಕರಣಗಳು ಅನೇಕ ದೇಶಗಳ ವೈದ್ಯಕೀಯ ದಾಖಲೆಗಳಲ್ಲಿವೆ.

ನಮ್ಮಂಥ ನಗರಗಳಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಅಂಗಡಿಯಾತ ಮರಾಠಿಯಲ್ಲಿ ‘ಆಠವಡ್ಯಾತೂನ್ ಏಕದಾ’ ಎಂದರೆ ವಾರಕ್ಕೊಮ್ಮೆ ಎಂದರ್ಥ. ಊರಿನಿಂದ ಹೊಸದಾಗಿ ಬಂದ ಹಿರಿಯರಿಗೆ ‘ಆಠ್’ ಎಂಬುದಷ್ಟೇ ಕಿವಿಗೆ ಬಿದ್ದರೆ ಎಂಟು ಗಂಟೆಗೊಮ್ಮೆಯೆಂದೂ ತಿಳಿದಾರು! ಮರ್ಯಾದೆಗೆ ಅಂಜಿ ‘ಹಾಂ, ಹಾಂ’ ಎಂದು ತಲೆಯಾಡಿಸಿ ಹೊರಟುಬಿಡುತ್ತಾರೆ. ತಲೆಯಾಡಿಸಿದ್ದೆಲ್ಲ ಅರ್ಥವಾದುದರ ಗುರುತಲ್ಲ.

ಆದ್ದರಿಂದ ‘ವಾರಕ್ಕೊಮ್ಮೆ’ ಎಂದಷ್ಟೇ ಹೇಳದೆ ಡಾಕ್ಟರರು ಸೂಚಿಸಿದ ವಾರದ ಹೆಸರನ್ನೇ ಹೇಳಬೇಕು. ‘ಅಮ್ಮಾ, ಇದು ಭಾನುವಾರ ಮಾತ್ರ, ಬೇರೆ ದಿನ ಮುಟ್ಟಬೇಡಿ’ ಎಂದು ಹೇಳಿ, ಪೊಟ್ಟಣದ ಮೇಲೆ ಕನ್ನಡದಲ್ಲಿ ‘ಭಾನುವಾರ ಮಾತ್ರ’ ಎಂದು ಬರೆದುಕೊಡಬೇಕು. ನಂತರ ‘ಈಗ ನೀವೊಮ್ಮೆ ಹೇಳಿ ನೋಡುವಾ’ ಎಂದು ಅವರ ಬಾಯಿಂದಲೇ ಹೇಳಿಸಬೇಕು. ಕನ್ನಡ ಬಲ್ಲ ತರಬೇತಿ ವಿದ್ಯಾರ್ಥಿಗೆ ಇಲ್ಲಿ ಮಾತೃಭಾಷೆಯೇ ದೊಡ್ಡ ಉಪಕರಣವಾಗುತ್ತದೆ.

ಲೆಕ್ಕ ತಪ್ಪಿದರೆ

ಇನ್ಸುಲಿನ್ ವಿಷಯದಲ್ಲಿ ಲೆಕ್ಕ ಗೊತ್ತಿರಬೇಕು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 40 ಯುನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. ಪೆನ್ನಿಗೆ ಹಾಕುವ ಇನ್ಸುಲಿನ್ ಮಿ.ಲೀ.ಗೆ 100 ಯುನಿಟ್. ಕಿತ್ತಳೆ ಮುಚ್ಚಳದ 100ರ ಸಿರಿಂಜ್ ಕೂಡ ಮಾರುಕಟ್ಟೆಯಲ್ಲಿದೆ. 40ರ ಬಾಟಲಿಗೆ 100ರ ಸಿರಿಂಜ್ ಕೊಟ್ಟರೆ, ರೋಗಿ 40ರ ಗೆರೆಯವರೆಗೆ ಎಳೆದಾಗ ಒಳಗೆ ಬರುವುದು 0.4 ಮಿ.ಲೀ., ಅಂದರೆ ಬರೀ 16 ಯುನಿಟ್. ಶುಗರ್ ಇಳಿಯುವುದಿಲ್ಲ. ಇದಕ್ಕೆ ವಿರುದ್ಧವಾಗಿ 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ 40ರ ಬದಲು 100 ಯುನಿಟ್ ದೇಹಕ್ಕೆ ಸೇರುತ್ತದೆ. ಎರಡೂವರೆ ಪಟ್ಟು! ಸಿರಿಂಜ್ ಕೇಳಿ ಬಂದವರಿಗೆ ‘ನಿಮ್ಮ ಬಾಟಲಿ ಯಾವುದು?’ ಎಂದು ಕೇಳದೆ ಕೊಡಬಾರದು ಎನ್ನುವುದು ಇದಕ್ಕಾಗಿ.

ಮಕ್ಕಳ ಜ್ವರದ ಔಷಧದಲ್ಲೂ ಇದೇ ಕಥೆ. ಪ್ಯಾರಾಸಿಟಮಾಲ್ ಡ್ರಾಪ್ಸ್ ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಇದ್ದರೆ, ಸಾಮಾನ್ಯ ಸಿರಪ್ 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ. ಅದೇ ಸಿರಪ್ಪಿನಲ್ಲಿ 5 ಮಿ.ಲೀ.ಗೆ 250ರದ್ದೂ ಇದೆ. ಎಂಟು ಕಿಲೋ ತೂಕದ ಮಗುವಿಗೆ ಡಾಕ್ಟರರು 120 ಮಿ.ಗ್ರಾಂ. ಹೇಳಿದ್ದರೆ ಸಿರಪ್ಪಿನಲ್ಲಿ ಅದು 5 ಮಿ.ಲೀ., ಡ್ರಾಪ್ಸಿನಲ್ಲಿ ಕೇವಲ 1.2 ಮಿ.ಲೀ. ಸಿರಪ್ ಮುಗಿದಿದೆಯೆಂದು ಡ್ರಾಪ್ಸ್ ಕೊಟ್ಟು ‘ಒಂದು ಚಮಚ ಹಾಕಿ’ ಎಂದರೆ ಮಗುವಿನ ಹೊಟ್ಟೆಗೆ 500 ಮಿ.ಗ್ರಾಂ. ಹೋಗುತ್ತದೆ. ಅಡುಗೆಮನೆಯ ಚಮಚವನ್ನೂ ನಂಬುವಂತಿಲ್ಲ. ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ಅಥವಾ ಡ್ರಾಪರನ್ನೇ ಬಳಸಲು ತಾಯಂದಿರಿಗೆ ತೋರಿಸಿಕೊಡಬೇಕು.

ಕೇಳಬೇಕಾದ ಪ್ರಶ್ನೆಗಳು

ಔಷಧದ ಜ್ಞಾನ ಪುಸ್ತಕದಲ್ಲಿದೆ, ರೋಗಿಯ ಜ್ಞಾನ ಕೇಳಿದರೆ ಮಾತ್ರ ಸಿಗುತ್ತದೆ. ‘ಈ ಮಾತ್ರೆ ಯಾವುದಕ್ಕೆಂದು ಡಾಕ್ಟರರು ಹೇಳಿದ್ದಾರೆ? ಹೇಗೆ ತೆಗೆದುಕೊಳ್ಳಲು ಹೇಳಿದ್ದಾರೆ? ಬೇರೆ ಯಾವ ಔಷಧ ನಡೆಯುತ್ತಿದೆ? ಯಾವುದಾದರೂ ಔಷಧದಿಂದ ಮೈಯಲ್ಲಿ ದಡ್ಡು ಎದ್ದದ್ದುಂಟೇ?’ ಈ ನಾಲ್ಕು ಪ್ರಶ್ನೆಗೆ ಒಂದು ನಿಮಿಷ ಸಾಕು. ಮಕ್ಕಳಾದರೆ ತೂಕ, ಯುವತಿಯರಾದರೆ ಗರ್ಭಿಣಿಯೇ, ಎದೆಹಾಲು ಕುಡಿಸುತ್ತಿದ್ದಾರೆಯೇ ಎಂಬುದನ್ನು ಮೆಲುದನಿಯಲ್ಲಿ ಕೇಳಬೇಕು.

ನಮ್ಮವರಿಗೆ ಇನ್ನೊಂದು ಪ್ರಶ್ನೆ ಅಗತ್ಯ. ‘ಅಜ್ಜಿ, ಏಕಾದಶಿ ಮಾಡ್ತೀರಾ? ಸೋಮವಾರ ಒಪ್ಪೊತ್ತು ಇದೆಯಾ?’ ಉಪವಾಸದ ದಿನವೂ ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಕುಸಿಯುತ್ತದೆ. ಉಪವಾಸ ಬಿಡಿ ಎಂದು ಹೇಳುವುದು ಫಾರ್ಮಸಿಸ್ಟರ ಕೆಲಸವಲ್ಲ. ಆ ದಿನ ಮಾತ್ರೆಯ ಕ್ರಮ ಹೇಗೆಂದು ಡಾಕ್ಟರರಲ್ಲಿ ಮೊದಲೇ ಕೇಳಿಕೊಳ್ಳಿ ಎಂದು ಎಚ್ಚರಿಸುವುದು ಖಂಡಿತ ಅವರ ಕೆಲಸ. ಬೆವರು, ನಡುಕ, ಮಂಪರು ಕಂಡರೆ ಮೂರು ಸಣ್ಣ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದಲ್ಲಿ ಮತ್ತೆ ಶುಗರ್ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಮಂಡಿನೋವಿನ ಮಾತ್ರೆಯೂ ಅಷ್ಟೇ. ‘ನೋವಿಗೊಂದು ಕೊಡಿ’ ಎಂದು ಚೀಟಿಯಿಲ್ಲದೆ ಬರುವ ಹಿರಿಯರು ಬಹಳ. ಬಿಪಿಗೆ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೋಗುವ ಮಾತ್ರೆ ಸೇವಿಸುತ್ತಿರುವವರಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ಸೇರಿದರೆ ಮೂರೂ ಕೂಡಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ರಕ್ತ ತೆಳುಗೊಳಿಸುವ ವಾರ್ಫರಿನ್ ಸೇವಿಸುವವರಿಗೆ ಇದೇ ನೋವಿನ ಮಾತ್ರೆ ಹೊಟ್ಟೆಯೊಳಗೆ ರಕ್ತಸ್ರಾವ ತರಬಲ್ಲದು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಎಂಬುದು, ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಂದಿಗೆ ನುಂಗಬಾರದು ಎಂಬುದು, ಸ್ಟೀರಾಯ್ಡ್ ಮಾತ್ರೆಯನ್ನು ಗುಣವಾಯಿತೆಂದು ಥಟ್ಟನೆ ನಿಲ್ಲಿಸಬಾರದು ಎಂಬುದು ಇವೆಲ್ಲ ಕೌಂಟರಿನಲ್ಲೇ ಹೇಳಬೇಕಾದ ಮಾತುಗಳು.

ಕತ್ತರಿಯೂ ರಿಜಿಸ್ಟರೂ

ಸ್ಟ್ರಿಪ್ ಕತ್ತರಿಸಿ ನಾಲ್ಕೇ ಮಾತ್ರೆ ಕೊಡುವುದು ನಮ್ಮಲ್ಲಿ ವಾಡಿಕೆ. ಎಲ್ಲರ ಕಿಸೆ ಒಂದೇ ತೆರನಾಗಿರುವುದಿಲ್ಲ. ಆದರೆ ಎಕ್ಸ್‌ಪಯರಿ ತಾರೀಕು ಮತ್ತು ಬ್ಯಾಚ್ ನಂಬರ್ ಇರುವ ತುದಿಯನ್ನೇ ಮೊದಲು ಕತ್ತರಿಸಿ ಕೊಟ್ಟರೆ ಅಂಗಡಿಯಲ್ಲಿ ಉಳಿದ ಮಾತ್ರೆಗೆ ಗುರುತೇ ಇಲ್ಲದಂತಾಗುತ್ತದೆ. ಇನ್ನೊಂದು ತುದಿಯಿಂದ ಕತ್ತರಿಸಿ, ಕೊಡುವ ಪೊಟ್ಟಣದ ಮೇಲೆ ಔಷಧದ ಹೆಸರು, ಬ್ಯಾಚ್, ತಾರೀಕು ಬರೆದುಕೊಡುವುದು ಕಲಿಯಬೇಕಾದ ಶಿಸ್ತು. ಕಪಾಟಿನಿಂದ ತೆಗೆಯುವಾಗ ಒಮ್ಮೆ, ಚೀಟಿಯೊಡನೆ ಇಟ್ಟು ಒಮ್ಮೆ, ಕೈಗೆ ಕೊಡುವಾಗ ಒಮ್ಮೆ, ಹೀಗೆ ಮೂರು ಸಲ ಲೇಬಲ್ ಓದಬೇಕು. ತರಬೇತಿಯವರು ತೆಗೆದದ್ದನ್ನು ನೋಂದಾಯಿತ ಫಾರ್ಮಸಿಸ್ಟರು ನೋಡಿದ ಮೇಲೆಯೇ ಗಿರಾಕಿಗೆ ಕೊಡಬೇಕು. ಬ್ಯಾಂಕಿನಲ್ಲಿ ಒಬ್ಬರು ಬರೆದ ವೋಚರಿಗೆ ಇನ್ನೊಬ್ಬರು ನೋಡಿ ಸಹಿ ಹಾಕುವುದು ಅಪನಂಬಿಕೆಯಿಂದಲ್ಲ. ಎರಡು ಜೋಡಿ ಕಣ್ಣಿಗೆ ತಪ್ಪು ಬೇಗ ಸಿಗುತ್ತದೆ ಎಂಬುದಕ್ಕಾಗಿ.

ಬ್ಯಾಚ್ ನಂಬರಿನ ಮಹತ್ವವನ್ನು ಮುಂಬಯಿ ಬಹಳ ದುಬಾರಿಯಾಗಿ ಕಲಿತಿದೆ. 1986ರ ಆರಂಭದಲ್ಲಿ ಇಲ್ಲಿನ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಗ್ಲಿಸರಾಲ್ ಸೇವಿಸಿ 14 ರೋಗಿಗಳು ಮೃತಪಟ್ಟರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಆ ಬಗ್ಗೆ ವಿಚಾರಣೆ ನಡೆಸಿತು. ಅದೇ ವಿಷ 2025ರಲ್ಲಿ ಕೆಮ್ಮಿನ ಸಿರಪ್ಪಿನ ಮೂಲಕ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಪುಟ್ಟ ಮಕ್ಕಳ ಜೀವ ತೆಗೆಯಿತು. ಆ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಸಿರಪ್ ಕೊಡಬಾರದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡವೆಂದೂ ಸೂಚಿಸಿತು. ವಿಷವನ್ನು ಅಂಗಡಿಯ ಹುಡುಗ ಕಣ್ಣಿನಿಂದ ಗುರುತಿಸಲಾರ. ಆದರೆ ಲೈಸನ್ಸ್ ಇರುವವರಿಂದ ಬಿಲ್ ಸಹಿತ ಕೊಳ್ಳುವುದು, ಬ್ಯಾಚ್ ಬರೆದಿಡುವುದು, ಆ ಬ್ಯಾಚ್ ನಿಲ್ಲಿಸಿರೆಂಬ ಸುದ್ದಿ ಬಂದ ಕ್ಷಣ ಕಪಾಟಿನಿಂದ ತೆಗೆದಿಡುವುದು ಆತನ ಕೈಯಲ್ಲಿದೆ.

2014ರ ಮಾರ್ಚ್‌ನಿಂದ ಜಾರಿಗೆ ಬಂದ ಷೆಡ್ಯೂಲ್ ಎಚ್1ರ ಪ್ರಕಾರ ಕೆಲವು ಆ್ಯಂಟಿಬಯೊಟಿಕ್, ಕ್ಷಯದ ಔಷಧ, ನಿದ್ದೆಯ ಔಷಧಗಳನ್ನು ಚೀಟಿ ನೋಡಿಯೇ ಕೊಟ್ಟು, ಡಾಕ್ಟರರ ಹಾಗೂ ರೋಗಿಯ ಹೆಸರು, ಔಷಧ, ಪ್ರಮಾಣ ಬರೆದ ರಿಜಿಸ್ಟರನ್ನು ಮೂರು ವರ್ಷ ಕಾಪಾಡಬೇಕು. ಷೆಡ್ಯೂಲ್ ಎಚ್ ಔಷಧ ಬರೆದ ಚೀಟಿಗೆ ‘ಅದೇ ತರಹದ್ದು’ ಎಂದು ಬೇರೆ ಬ್ರಾಂಡ್ ಕೊಡುವುದಕ್ಕೂ ನಿಯಮ ಒಪ್ಪುವುದಿಲ್ಲ. ಇವು ಇನ್ಸ್‌ಪೆಕ್ಟರರ ಭಯಕ್ಕೆ ಮಾಡುವ ಕೆಲಸವಲ್ಲ, ರೋಗಿಯ ರಕ್ಷಣೆಗೆ ಇರುವವು.

ತಪ್ಪನ್ನು ಒಪ್ಪುವ ಧೈರ್ಯ

ಸಂಜೆ ಏಳರ ಗದ್ದಲದಲ್ಲಿ ಎಂಟು ಕೈಗಳು ಕೌಂಟರಿನ ಮೇಲಿದ್ದಾಗ ಎಂತಹವರಿಗೂ ತಪ್ಪಾಗಬಹುದು. ಹೊಸಬರಿಗೆ ಇನ್ನೊಂದು ಭಯವಿರುತ್ತದೆ. ಡಾಕ್ಟರರಿಗೆ ಫೋನ್ ಮಾಡಿದರೆ ಗದರಿಸಿಯಾರು, ಮಾಲಕರನ್ನು ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎಂದಾರು ಎಂಬ ಅಂಜಿಕೆ. ಅಂಜಿ ಸುಮ್ಮನಾದರೆ ಅದರ ಬೆಲೆ ತೆರುವವರು ಮನೆಗೆ ಹೋದ ರೋಗಿ. ತಪ್ಪು ಕೊಟ್ಟದ್ದು ತಿಳಿದ ಕೂಡಲೇ ಹಿರಿಯ ಫಾರ್ಮಸಿಸ್ಟರಿಗೆ ತಿಳಿಸಿ, ಬಿಲ್ಲಿನ ನಂಬರಿಗೆ ಫೋನ್ ಮಾಡಿ, ಬೇಕಾದರೆ ಮನೆ ಬಾಗಿಲಿಗೇ ಹೋಗಿ ಮಾತ್ರೆ ವಾಪಸು ತರಬೇಕು. ಕೈ ತಪ್ಪಿ ಆಗುವುದರಲ್ಲಿದ್ದು ಕೊನೆ ಗಳಿಗೆಯಲ್ಲಿ ಸಿಕ್ಕಿದ ತಪ್ಪುಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನವರಿಗೆ ಅದೇ ಪಾಠವಾದೀತು.

ಔಷಧದಿಂದ ಅಡ್ಡ ಪರಿಣಾಮವಾದರೆ ತಿಳಿಸಲು ನಮ್ಮ ದೇಶದಲ್ಲಿ 2010ರಿಂದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವಿದೆ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಇದನ್ನು ನೋಡಿಕೊಳ್ಳುತ್ತದೆ. ಶುಲ್ಕರಹಿತ ದೂರವಾಣಿ 1800-180-3024ಕ್ಕೆ ಡಾಕ್ಟರರೇ ಅಲ್ಲ, ಫಾರ್ಮಸಿಸ್ಟರೂ ರೋಗಿಗಳೂ ತಿಳಿಸಬಹುದು.

ಸಂಘ–ಸಂಸ್ಥೆಗಳು ಮಾಡಬಹುದಾದದ್ದು

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ಹಾನಿ ತಡೆಯುವ ಜಾಗತಿಕ ಕಾರ್ಯಕ್ರಮ ಆರಂಭಿಸಿದಾಗ ಮೂರು ಸಂಗತಿಗಳಿಗೆ ಒತ್ತು ನೀಡಿತು. ಅಪಾಯ ಹೆಚ್ಚಿರುವ ಸಂದರ್ಭಗಳು, ಒಬ್ಬರೇ ಹಲವು ಔಷಧ ಸೇವಿಸುವುದು, ರೋಗಿ ಒಂದೆಡೆಯ ಚಿಕಿತ್ಸೆಯಿಂದ ಇನ್ನೊಂದೆಡೆಗೆ ಬದಲಾಗುವುದು. ಊರಿಗೂ ಮುಂಬಯಿಗೂ ಓಡಾಡುವ ನಮ್ಮ ಹಿರಿಯರಿಗೆ ಈ ಮೂರೂ ಅನ್ವಯಿಸುತ್ತವೆ ಎಂಬುದರಲ್ಲಿ ಎರಡು ಮಾತಿಲ್ಲ.

ಮಹಾನಗರದ ಕನ್ನಡ ಸಂಘಗಳು ರಕ್ತದಾನ, ಕಣ್ಣಿನ ತಪಾಸಣೆ ಶಿಬಿರಗಳನ್ನು ವರ್ಷಂಪ್ರತಿ ನಡೆಸುತ್ತ ಬಂದಿರುವುದು ಶ್ಲಾಘನೀಯ. ಅದೇ ಶಿಬಿರದ ಒಂದು ಮೂಲೆಯಲ್ಲಿ ಮೇಜೊಂದನ್ನಿಟ್ಟು, ‘ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ತೊಟ್ಟೆ ಸಹಿತ ತನ್ನಿ’ ಎಂದು ಸದಸ್ಯರಿಗೆ ತಿಳಿಸಬಹುದು. ನೋಂದಾಯಿತ ಫಾರ್ಮಸಿಸ್ಟರೊಬ್ಬರ ಉಸ್ತುವಾರಿಯಲ್ಲಿ ನಮ್ಮದೇ ತರಬೇತಿ ವಿದ್ಯಾರ್ಥಿಗಳು ಕುಳಿತು ಪ್ರತಿಯೊಂದರ ಮೂಲ ಹೆಸರು, ಪ್ರಮಾಣ, ಹೊತ್ತು ಬರೆದ ಕಾರ್ಡನ್ನು ಕನ್ನಡದಲ್ಲಿ ಮಾಡಿಕೊಡಬಹುದು. ಎರಡು ಬಾರಿ ಬಂದದ್ದು, ಅವಧಿ ಮುಗಿದದ್ದು ಅಲ್ಲೇ ಬೆಳಕಿಗೆ ಬರುತ್ತದೆ. ನಿಲ್ಲಿಸುವ, ಬದಲಿಸುವ ತೀರ್ಮಾನ ಡಾಕ್ಟರರದ್ದೇ. ಆದರೆ ಡಾಕ್ಟರರ ಮುಂದೆ ಇಡಲು ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ವಿದ್ಯಾರ್ಥಿಗಳಿಗೂ ಪುಸ್ತಕದಲ್ಲಿ ಸಿಗದ ಅನುಭವ ದೊರೆಯುತ್ತದೆ.

ಹಿರಿಯರಿಗೂ ಒಂದು ಕಿವಿಮಾತು. ಮೆಡಿಕಲ್‌ನಲ್ಲಿ ಹುಡುಗಿಯೊಬ್ಬಳು ‘ಅಜ್ಜಾ, ಮನೆಯಲ್ಲಿ ಬೇರೆ ಮಾತ್ರೆ ಉಂಟಾ?’ ಎಂದು ಕೇಳಿದರೆ ‘ನಿನಗ್ಯಾಕೆ ಅದೆಲ್ಲ, ಬೇಗ ಕೊಡು’ ಎಂದು ಗದರಬೇಡಿ. ಒಂದು ನಿಮಿಷ ನಿಂತು ಉತ್ತರ ಕೊಡಿ. ಆಕೆ ಕೇಳುತ್ತಿರುವುದು ಕುತೂಹಲಕ್ಕಲ್ಲ, ತನ್ನ ಕೆಲಸವನ್ನು ಸರಿಯಾಗಿ ಮಾಡುವುದಕ್ಕೆ. ಮುಂದಿನ ಸಲ ಊರಿನಿಂದ ಬರುವಾಗ ಮಾತ್ರೆಯ ಜೊತೆಗೆ ಡಾಕ್ಟರರ ಚೀಟಿಯನ್ನೂ ಅದೇ ತೊಟ್ಟೆಯಲ್ಲಿ ಹಾಕಿಕೊಂಡು ಬನ್ನಿ.